ಕೊಪ್ಪರಿಗೆ ಒಬ್ಬನಿಗೆ, ಸೌಟು ಇನ್ನೊಬ್ಬನಿಗೆ

"ಹಿಡಿದದ್ದನ್ನು ಬಿಡುವವನು ಹೇಡಿ!" ಕೆಂಗಲ್ಲುದುರ್ಗದ ದೊರೆ ಹಿರೇಬೊಮ್ಮ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಇನ್ನು ನನ್ನ ಅರಮನೆಯಲ್ಲಿ ಯಾರೇ ಆಗಲಿ, ಕೈಗೆ ಬಂದದ್ದನ್ನು ಕೆಲಸ ಮುಗಿಯುವ ತನಕ ಬಿಡಕೂಡದು. ಬಿಟ್ಟವನಿಗೆ ಗಡಿಪಾರು!"

ಆಜ್ಞೆ ಅಡುಗೆಮನೆಗೂ ಮುಟ್ಟಿತು. ಎಡವಟ್ಟಾದದ್ದು ಅಲ್ಲೇ.

ಅಂದು ರಾಜಕುಮಾರಿಯನ್ನು ನೋಡಲು ಗಂಡಿನ ಕಡೆಯವರು ದಂಡುಕಟ್ಟಿಕೊಂಡು ಬಂದಿದ್ದರು. ಅಷ್ಟು ಜನಕ್ಕೆ ಸಾಲುವ ಕೊಪ್ಪರಿಗೆ ಒಂದೇ. ಅದರ ತಳ ಮುಟ್ಟುವ ಸೌಟೂ ಒಂದೇ. ಪಾಯಸ ಮಾಡಬೇಕಾದ ತಿಮ್ಮರಸಯ್ಯ ಓಡಿಹೋಗಿ ಕೊಪ್ಪರಿಗೆ ತಬ್ಬಿಕೊಂಡ. ಹುಳಿ ಮಾಡಬೇಕಾದ ಶಂಭುಭಟ್ಟ ಸೌಟು ಹಿಡಿದುಕೊಂಡ.

"ಸೌಟು ಕೊಡಯ್ಯ."

"ನೀನು ಕೊಪ್ಪರಿಗೆ ಕೊಡು."

"ಕೊಟ್ಟು ಗಡಿಪಾರಾಗಲೇ?"

ಇಬ್ಬರೂ ಕೂತರು. ಒಲೆ ಉರಿಯಿತು, ಅಡುಗೆಯಾಗಲಿಲ್ಲ. ಬೀಗರಾಗಬೇಕಾದವರು ಆಕಳಿಸಿ ಆಕಳಿಸಿ, "ಇದೇನು, ಉಪವಾಸದ ಮನೆಯೇ?" ಎಂದು ಗೊಣಗತೊಡಗಿದರು.

ದೊರೆ ವಿದೂಷಕ ಓಬಳಯ್ಯನನ್ನು ಕರೆಸಿದ. "ಅಡುಗೆ ಆಗಬೇಕು. ಆಜ್ಞೆ ಮಾತ್ರ ಮುರಿಯಕೂಡದು. ತಪ್ಪಿದರೆ ನಿನ್ನ ತಲೆ ಬೋಳಿಸಿ ಕತ್ತೆಯ ಮೇಲೆ ಮೆರೆಸುತ್ತೇನೆ!" ಎಂದವನೇ ಸ್ನಾನಕ್ಕೆ ಹೋದ.

ನೀರು ಹೊಯ್ದುಕೊಂಡು ದೊರೆ ಒಂದು ಕೈಯಲ್ಲಿ ತಂಬಿಗೆ ಹಿಡಿದೇ ಬಚ್ಚಲಿನಿಂದ ಇನ್ನೊಂದು ಕೈ ಚಾಚಿದ. "ಪಂಚೆ!"

"ನನ್ನ ಕೈಯಲ್ಲೇ ಇದೆ ಪ್ರಭು," ಹೊರಗಿನಿಂದ ಓಬಳಯ್ಯನ ದನಿ ಬಂತು. "ನಾನೂ ಸ್ನಾನ ಮಾಡಬೇಕಿತ್ತು. ಆ ತಂಬಿಗೆ ಮೊದಲು ಇತ್ತ ಕೊಡಿ."

"ಲೋ! ಪಂಚೆ ಉಡುವ ತನಕ ನನ್ನ ಸ್ನಾನ ಮುಗಿಯದು, ತಂಬಿಗೆ ಹೇಗೆ ಬಿಡಲಿ? ಮೊದಲು ಪಂಚೆ ಕೊಡೋ!"

"ಕೊಟ್ಟರೆ ಗಡಿಪಾರು ಪ್ರಭು."

ಗಾಳಿ ಬೀಸಿತು. ದೊರೆಯ ಹಲ್ಲು ಕಟಕಟ ಎಂದವು. ಅಷ್ಟರಲ್ಲಿ ಪಡಸಾಲೆಯಿಂದ ಗಂಡಿನ ತಂದೆಯ ದನಿ ಕೇಳಿಸಿತು: "ನಾಯಕರು ಎಲ್ಲಿ? ಒಳಗಿದ್ದಾರೆಯೇ? ನಾವೇ ಬಂದೆವು!"

"ತಗೋ ತಂಬಿಗೆ! ಆಜ್ಞೆ ರದ್ದು! ಪಂಚೆ ಕೊಡೋ ಮಾರಾಯ!"

ಪಂಚೆ ಉಟ್ಟು ಹೊರಬಂದ ದೊರೆಗೆ ಓಬಳಯ್ಯ ಕೈಮುಗಿದ. "ಹೊಸ ಆಜ್ಞೆಯೊಂದು ಸಾಕು ಪ್ರಭು: ಯಾರೇ ಆಗಲಿ ಮೊದಲು ಕೊಪ್ಪರಿಗೆ ಹಿಡಿಯಬೇಕು, ಆಮೇಲೆ ಸೌಟು. ಕೊಪ್ಪರಿಗೆ ಸಿಗದವನು ಸೌಟು ಮುಟ್ಟುವಂತಿಲ್ಲ."

ಹಾಗೇ ಆಯಿತು. ಮೊದಲು ಪಾಯಸ ಕುದಿಯಿತು, ಕೊಪ್ಪರಿಗೆ ತೊಳೆದ ಮೇಲೆ ಹುಳಿ. ಗಂಡಿನ ಕಡೆಯವರು ತೇಗಿ, ತಾಂಬೂಲ ಬದಲಾಯಿಸಿಯೇ ಎದ್ದರು.

ದೊರೆ ಓಬಳಯ್ಯನಿಗೆ ಶಾಲು ಹೊದಿಸುತ್ತ ಕಿವಿಯಲ್ಲಿ ಕೇಳಿದ, "ನಾನೂ ಹಟ ಬಿಡದೆ ನಿಂತಿದ್ದರೆ ಏನು ಮಾಡುತ್ತಿದ್ದೆಯೋ?"

"ಕಾಯುತ್ತಿದ್ದೆ ಪ್ರಭು. ನನ್ನ ಮೈಮೇಲೆ ಬಟ್ಟೆ ಇತ್ತಲ್ಲ!"