ಹೊಟ್ಟೆ ಅಳೆದು ಕೊಟ್ಟ ಕುದುರೆ

ಹೊಳೆಕೋಟೆಯಲ್ಲಿ ಕುದುರೆಗಾಡಿ ಬಾಡಿಗೆಗೆ ಬೇಕೆಂದರೆ ಸಂಪಣ್ಣನ ಲಾಯಕ್ಕೇ ಹೋಗಬೇಕಿತ್ತು. ಅವನು ಹೇಳುವ ಬಾಡಿಗೆ ಎಂಥವರಿಗೂ ಅಗ್ಗವೆನಿಸುತ್ತಿತ್ತು. ಗಾಡಿ ಹಿಂತಿರುಗಿಸುವಾಗ ಮಾತ್ರ ಕತೆಯೇ ಬೇರೆ. ಕೂತ ಮೆತ್ತೆಗೆ ಇಷ್ಟು, ನೆರಳು ಕೊಟ್ಟ ಕಮಾನಿಗೆ ಇಷ್ಟು, ಲಗಾಮನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದರೆ ಅದಕ್ಕಿಷ್ಟು, ಹಲಗೆಯ ಮೇಲೆ ಗೀರು ಕಂಡರಂತೂ ಕೇಳುವುದೇ ಬೇಡ.

ಎಲ್ಲಕ್ಕಿಂತ ಮಿಗಿಲಾದದ್ದು ಅವನ ಹುರಿ. ಗಾಡಿ ಕೊಡುವಾಗ ಕುದುರೆಯ ಹೊಟ್ಟೆಯ ಸುತ್ತ ಹುರಿ ಹಿಡಿದು, ಅಳತೆಗೆ ಗಂಟು ಹಾಕಿಡುತ್ತಿದ್ದ. ಹೊಟ್ಟೆ ತುಂಬಿದ ಕುದುರೆ ಕೊಟ್ಟಿದ್ದೇನೆ, ಹೊಟ್ಟೆ ತುಂಬಿದ ಕುದುರೆಯನ್ನೇ ಒಪ್ಪಿಸಬೇಕು ಅನ್ನುವುದು ಕರಾರು. ಓಡಿ ದಣಿದ ಕುದುರೆಯ ಹೊಟ್ಟೆ ಇಳಿಯದೆ ಇರುತ್ತದೆಯೆ? ಹುರಿ ಸಡಿಲವಾಗುತ್ತಿತ್ತು, ಬಾಡಿಗೆಗಿಂತ ಮೇವಿನ ಹಣವೇ ಹೆಚ್ಚಾಗುತ್ತಿತ್ತು.

ಹಾಗೆ ಸಿಕ್ಕಿಬಿದ್ದವನು ಯಲ್ಲೋಜಿ, ತೊಗಲುಗೊಂಬೆ ಆಡಿಸುವವನು. ಅರಮನೆಯಲ್ಲಿ ಆಟ ಆಡಲೆಂದು ಸಂಪಣ್ಣನ ಗಾಡಿಯಲ್ಲಿ ಬಂದಿದ್ದ. ಕೊಡಲು ಹಣ ಸಾಲದೆ ಹೋದಾಗ ಸಂಪಣ್ಣ ಅವನ ಗೊಂಬೆಪೆಟ್ಟಿಗೆಯನ್ನೇ ಕಿತ್ತಿಟ್ಟುಕೊಂಡ. ಅಜ್ಜನ ಕಾಲದ ಗೊಂಬೆಗಳು. ಅವಿಲ್ಲದೆ ಯಲ್ಲೋಜಿಗೆ ಆಟವಿಲ್ಲ, ಮನೆಯಲ್ಲಿ ಒಲೆ ಹೊತ್ತುವುದೂ ಇಲ್ಲ.

ಅವನ ದೂರು ಕೇಳಿ ದೊರೆ ಮಲ್ಲಪನಾಯಕ ಸಂಪಣ್ಣನನ್ನು ಸಭೆಗೆ ಕರೆಸಿದ. ಸಂಪಣ್ಣ ಅಳುಕಲಿಲ್ಲ.

"ಪ್ರಭು, ಅವನು ಒಪ್ಪಿ ತಲೆಯಾಡಿಸಿದ ಕರಾರು. ನನ್ನ ಗಾಡಿ ಪಡೆದು, ಹೇಳಿದ ಬಾಡಿಗೆಯಷ್ಟನ್ನೇ ಕೊಟ್ಟು ಹೋದವನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ" ಅಂದ.

ದೊರೆಗೆ ಸಿಟ್ಟು ಬಂತು. ಆದರೆ ಒಪ್ಪಿದ ಮಾತನ್ನು ಮುರಿಸುವುದು ಹೇಗೆ? ಅವನ ಕಣ್ಣು ವರದಯ್ಯನ ಕಡೆ ಹೊರಳಿತು. ಸಭೆಯಲ್ಲಿ ಬುದ್ಧಿವಂತನೆಂದು ಹೆಸರಾದ ವರದಯ್ಯ ಯಲ್ಲೋಜಿಯ ವಿಷಯ ಎತ್ತಲೇ ಇಲ್ಲ. ಅತ್ತೆಮನೆಗೆ ಹೋಗಿ ಬಹಳ ದಿನವಾಯಿತು, ನನಗೂ ಒಂದು ಗಾಡಿ ಬೇಕು ಎಂದು ಸಂಪಣ್ಣನನ್ನೇ ಕೇಳಿದ.

ಮರುದಿನ ಅರಮನೆಯ ಕಾವಲುಗಾರನೊಬ್ಬನನ್ನು ಸಾಕ್ಷಿಗೆ ಕರೆದುಕೊಂಡು ಲಾಯಕ್ಕೆ ಹೋದ. ಕೂರಲು ತನ್ನದೇ ಮೆತ್ತೆ, ನೆರಳಿಗೆ ತನ್ನದೇ ಕೊಡೆ. ಗಾಡಿಯ ಸುತ್ತ ನಿಧಾನವಾಗಿ ಸುತ್ತಿ, ಹಳೆಯ ಗೀರು ಕಂಡಲ್ಲೆಲ್ಲ ಸುಣ್ಣದ ಬೊಟ್ಟು ಇಟ್ಟ. ಮುಗಿಯುವ ಹೊತ್ತಿಗೆ ಗಾಡಿಗೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು.

ಆಮೇಲೆ ಕುದುರೆಗಳ ಸಾಲಿನಲ್ಲಿ ಒಂದು ಕಂದು ಹೆಣ್ಣುಕುದುರೆಯ ಮುಂದೆ ನಿಂತ. ಸಂಪಣ್ಣ ಅದನ್ನು ಈಚೆಗಷ್ಟೇ ಸಂತೆಯಲ್ಲಿ ಅಗ್ಗಕ್ಕೆ ಕೊಂಡಿದ್ದ. ತಾನು ಹಾಕಿದ ಮೇವಿಗೇ ಹೀಗೆ ಮೈದುಂಬಿದೆ ಎಂದು ಬೀಗಿದ. ವರದಯ್ಯ ಬಗ್ಗಿ ಅದರ ಹೊಟ್ಟೆ ನೋಡಿದ, ಕೆಚ್ಚಲು ನೋಡಿದ, ಇದೇ ಸಾಕು ಅಂದ. ಹುರಿ ಸುತ್ತಲು ಸಂಪಣ್ಣನ ತೋಳು ಸಾಲಲಿಲ್ಲ. ಇಂಥ ಹೊಟ್ಟೆಯನ್ನು ಮತ್ತೆ ತುಂಬಿಸಿ ತರುವವರು ಯಾರು ಎಂದು ಅವನು ಒಳಗೊಳಗೇ ನಕ್ಕ.

"ಹೊಟ್ಟೆ ಇಳಿದರೆ?" ವರದಯ್ಯ ಕೇಳಿದ.

"ಎಷ್ಟು ಕಡಿಮೆಯಾಗಿದೆಯೋ ಅಷ್ಟಕ್ಕೂ ಬೆಲೆ ಕಟ್ಟಿಕೊಡಬೇಕು ಸ್ವಾಮಿ."

ಅಮಾವಾಸ್ಯೆಯೊಳಗೆ ಗಾಡಿ ಒಪ್ಪಿಸುವುದೆಂದು ಮಾತಾಯಿತು. ಊರ ಬಾಗಿಲು ದಾಟಿದ್ದೇ ವರದಯ್ಯ ಗಾಡಿಯಿಂದ ಇಳಿದು, ಕುದುರೆಯ ಪಕ್ಕದಲ್ಲೇ ಮೆಲ್ಲಗೆ ನಡೆಯುತ್ತಾ ಹೋದ. ಅತ್ತೆ ಅಳಿಯನಿಗಿಂತ ಮೊದಲು ಕುದುರೆಯನ್ನು ನೋಡಿದರು. ಅದಕ್ಕೆ ಕೊಟ್ಟಿಗೆಯಲ್ಲಿ ಒಣಹುಲ್ಲು ಹಾಸಿಸಿ, ಹುರುಳಿ ಬೇಯಿಸಿ ಇಟ್ಟರು. ಒಂದು ಬೆಳಗಿನ ಜಾವ ಅದು ಮರಿ ಹಾಕಿತು. ಮರಿ ಚೆನ್ನಾಗಿ ನಡೆಯುವಂತಾಗುವ ತನಕ ವರದಯ್ಯ ಅತ್ತೆಮನೆಯಲ್ಲಿ ಉಂಡು ಮಲಗಿದ.

ಅಮಾವಾಸ್ಯೆಗೆ ಮುಂಚೆಯೇ ಗಾಡಿ ಅರಮನೆಯ ಅಂಗಳಕ್ಕೆ ಬಂತು. ಮರಿಯನ್ನು ಹಿಡಿದುಕೊಂಡು ಭಾವಮೈದುನ ಬಾಗಿಲಾಚೆ ನಿಂತಿದ್ದ. ದೊರೆಯ ಎದುರು ಸಂಪಣ್ಣ ಗಾಡಿಯನ್ನು ಇಂಚಿಂಚೂ ತಡಕಿದ. ಗೀರಿದ್ದಲ್ಲೆಲ್ಲ ಸುಣ್ಣದ ಬೊಟ್ಟಿತ್ತು. ಮೆತ್ತೆಯ ಹಣವಿಲ್ಲ, ಕಮಾನಿನ ಹಣವಿಲ್ಲ. ಮುಖ ಸಣ್ಣದಾಯಿತು. ಕೊನೆಗೆ ಹುರಿ ತೆಗೆದು ಕುದುರೆಗೆ ಸುತ್ತಿದ. ಹುರಿ ಜೋತುಬಿತ್ತು. ಮುಖ ಮತ್ತೆ ಅರಳಿತು.

"ಅತ್ತೆಮನೆಯಲ್ಲಿ ನೀವೊಬ್ಬರೇ ಉಂಡಿರೇನು ಸ್ವಾಮಿ?" ಅಂದ.

ಕುದುರೆ ಬಾಗಿಲ ಕಡೆ ತಿರುಗಿ ತಿರುಗಿ ಕೆನೆಯುತ್ತಿತ್ತು. ನೋಡಿ, ಹಸಿವಿಗೆ ಹೇಗೆ ಕೂಗುತ್ತಿದೆ ಎಂದು ಎಲ್ಲರಿಗೂ ತೋರಿಸಿ ಸಂಪಣ್ಣ ದೊಡ್ಡ ಮೊತ್ತವನ್ನೇ ಹೇಳಿದ. ವರದಯ್ಯ ಚೌಕಾಸಿ ಮಾಡದೆ ಚೀಲ ಬಿಚ್ಚಿ ಕೊಟ್ಟುಬಿಟ್ಟ. ದೊರೆಗೆ ನಿರಾಸೆಯಾಯಿತು. ಮೂಲೆಯಲ್ಲಿದ್ದ ಯಲ್ಲೋಜಿ ತಲೆ ತಗ್ಗಿಸಿದ.

"ಹೊಟ್ಟೆಯಿಂದ ಕಡಿಮೆಯಾದದ್ದಕ್ಕೆಲ್ಲ ಬೆಲೆ ಸಂದಿತೆ?" ವರದಯ್ಯ ಕೇಳಿದ.

"ಪೂರ್ತಿ ಸಂದಿತು."

"ಹಾಗಾದರೆ ಆ ಕಡಿಮೆಯಾದದ್ದು ಇನ್ನು ಯಾರದು?"

"ನಿಮ್ಮದೇ ಸ್ವಾಮಿ. ಹಣ ಕೊಟ್ಟಮೇಲೆ ಅದು ನನಗೇಕೆ?" ಸಂಪಣ್ಣ ನಕ್ಕ.

ವರದಯ್ಯ ಕೈಸನ್ನೆ ಮಾಡಿದ. ಬಾಗಿಲು ತೆರೆಯಿತು. ಉದ್ದುದ್ದ ಕಾಲಿನ ಕಂದು ಮರಿಯೊಂದು ಮುಗ್ಗರಿಸುತ್ತಾ ಓಡಿ ಬಂದು, ಯಾರನ್ನೂ ಲೆಕ್ಕಿಸದೆ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು.

"ಕಡಿಮೆಯಾದದ್ದು ಇದೇ, ಸಂಪಣ್ಣನವರೇ" ಅಂದ ವರದಯ್ಯ.

ಮೊದಲು ಅರ್ಥವಾದದ್ದು ದೊರೆಗೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಮರಿ ತನ್ನದೆಂದು ಸಂಪಣ್ಣ ಗೋಗರೆದ. ದೊರೆ ಕಣ್ಣೊರೆಸಿಕೊಂಡು, ಮಾರಿದ್ದಕ್ಕೆ ಇಡೀ ಸಭೆಯೇ ಸಾಕ್ಷಿ ಅಂದ. ಜಾತಿಕುದುರೆಯ ಮರಿ, ಬೆಳೆದರೆ ಎರಡು ಗಾಡಿಯ ಬೆಲೆ ಬಾಳುತ್ತದೆ. ಸಂಪಣ್ಣ ಅದನ್ನು ನೋಡುತ್ತಾ ನಿಂತೇ ಇದ್ದ.

ವರದಯ್ಯ ತನ್ನ ಷರತ್ತು ಹೇಳಿದ. ಯಲ್ಲೋಜಿಯ ಪೆಟ್ಟಿಗೆ ಅವನಿಗೆ ಸೇರಬೇಕು, ಅವನಿಂದ ಇನ್ನೇನೂ ಕೇಳಬಾರದು, ಆ ಹುರಿಯನ್ನು ಇಲ್ಲೇ ಸುಡಬೇಕು. ಹಾಗಾದರೆ ಮರಿ ತಾಯಿಯ ಜೊತೆ ಲಾಯಕ್ಕೆ ಹೋಗಲಿ. ಸಂಪಣ್ಣ ಒಪ್ಪಿದ. ಪೆಟ್ಟಿಗೆ ಬಂದಾಗ ಯಲ್ಲೋಜಿ ಮುಚ್ಚಳ ತೆಗೆದು, ಒಂದೊಂದೇ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದ. ದೊರೆ ವರದಯ್ಯನ ಖಾಲಿ ಚೀಲವನ್ನು ಇಸಿದುಕೊಂಡು, ಬಾಯಿ ಕಟ್ಟಲಾಗದಷ್ಟು ತುಂಬಿಸಿ ಕೊಟ್ಟ.

ಸಂಪಣ್ಣ ತಾಯಿ ಮರಿಗಳನ್ನು ಹೊಡೆದುಕೊಂಡು ಹೊರಟ. ಎಷ್ಟಾದರೂ ವ್ಯಾಪಾರಿ, ಬಾಗಿಲಲ್ಲಿ ನಿಂತು ಇನ್ನೊಮ್ಮೆ ಗಾಡಿ ಬೇಕಾದರೆ ತನ್ನ ಲಾಯಕ್ಕೇ ದಯಮಾಡಿಸಬೇಕೆಂದು ಕೈಮುಗಿದ.

"ಖಂಡಿತ ಬರುತ್ತೇನೆ" ಅಂದ ವರದಯ್ಯ. "ಗಂಡುಕುದುರೆ ಮಾತ್ರ ಕೊಡಬೇಡಿ."