ಸವುಳು ನೀರಿಗೆ ಬೆಲ್ಲ

"ಗುರುಗಳೇ, ನೊಂದವರ ಸಮಾಧಾನಕ್ಕೆ ಆಡುವ ಸುಳ್ಳೂ ಸುಳ್ಳೇ ಏನು?" ಎಂದು ಶಿಷ್ಯ ಕೇಳಿದ.

"ಯಾರಿಗೆ ಹೇಳಿದೆ?" ಎಂದರು ಗುರುಗಳು.

ಶಿಷ್ಯ ತಲೆ ತಗ್ಗಿಸಿದ. "ಕೆಳಗಿನ ಕೇರಿಯ ಆ ತಾಯಿಗೆ. ವ್ಯಾಪಾರಕ್ಕೆ ಹೋದ ಅವಳ ಮಗ ದಾರಿಯಲ್ಲೇ ತೀರಿಕೊಂಡ ಸುದ್ದಿ ನನ್ನ ಕಿವಿಗೆ ಬಿದ್ದಿದೆ. ಅವಳು ಬಂದು ಕೇಳಿದಾಗಲೆಲ್ಲ, ಬರುತ್ತಾನಮ್ಮ, ಇನ್ನು ಸ್ವಲ್ಪ ದಿನ ಎನ್ನುತ್ತೇನೆ. ಅವಳ ಮುಖ ಅರಳುತ್ತದೆ. ಮುಂದೆ ಯಾವಾಗಲಾದರೂ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡಿದ್ದೇನೆ."

ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಗಾಡಿಯವನಿದ್ದ. ಅವನ ಗಾಡಿಗೆ ಎರಡು ಕುದುರೆಗಳು, ಒಂದು ಗಂಡು, ಒಂದು ಹೆಣ್ಣು. ಮರಳುಗಾಡಿನ ಒಂದು ಊರಿನವರು, ನಮ್ಮಲ್ಲಿ ಗಾಡಿ ಹೊಡೆಯುವವರಿಲ್ಲ, ಬಂದರೆ ಇರಲು ಮನೆ ಕೊಡುತ್ತೇವೆ ಎಂದು ಹೇಳಿಕಳಿಸಿದರು. ಅವನು ಒಪ್ಪಿದ.

ಕುದುರೆ ಸಾಕುವವರಿಗೆ ಒಂದು ಸಂಗತಿ ಗೊತ್ತು. ಗೊತ್ತಿಲ್ಲದ ಊರಿನ ನೀರನ್ನು ಕುದುರೆ ಸುಲಭವಾಗಿ ಕುಡಿಯುವುದಿಲ್ಲ. ಮೂಸಿ ನೋಡಿ ಹಿಂದೆ ಸರಿಯುತ್ತದೆ. ಆದ್ದರಿಂದ ಹೊರಡುವ ಮೊದಲೇ ಅದರ ನೀರಿಗೆ ಬೆಲ್ಲ ಕದಡಿ ರೂಢಿ ಮಾಡಿಸುತ್ತಾರೆ. ಹೊಸ ಊರಿನ ನೀರಿಗೂ ಅದೇ ಬೆಲ್ಲ ಹಾಕುತ್ತಾರೆ. ರುಚಿ ಒಂದೇ ಆದ್ದರಿಂದ ಕುದುರೆ ಕುಡಿಯುತ್ತದೆ. ಆಮೇಲೆ ದಿನದಿನಕ್ಕೆ ಬೆಲ್ಲ ಕಡಿಮೆ ಮಾಡುತ್ತ ಬರಬೇಕು. ಕೊನೆಗೆ ಬರೀ ನೀರು ಉಳಿಯುತ್ತದೆ, ಕುದುರೆಗೆ ಅದು ತಿಳಿಯುವುದೂ ಇಲ್ಲ.

ಗಾಡಿಯವನು ಹಾಗೆಯೇ ಮಾಡಿದ. ಹೊಸ ಊರಿನ ಬಾವಿಯದು ಸವುಳು ನೀರು, ನಾಲಿಗೆಗೆ ಉಪ್ಪು ಹತ್ತುತ್ತಿತ್ತು. ಬೆಲ್ಲ ಹಾಕಿದ್ದರಿಂದ ಎರಡೂ ಕುಡಿದವು. ಚಕ್ರಗಳು ಮರಳಿನಲ್ಲಿ ಹೂತುಹೋಗುತ್ತವೆಂದು ಅಗಲವಾದ ಚಕ್ರ ಹಾಕಿಸಿದ. ಕುದುರೆಗಳ ಕಾಲು ಮರಳಿಗೆ ಪಳಗಿತು, ಮೈ ಬಿಸಿಲಿಗೆ ಪಳಗಿತು. ಬೆಲ್ಲ ಕಡಿಮೆ ಮಾಡುವ ದಿನ ಬಂತು.

ಅವನು ಒಂದು ಚೂರು ಕಡಿಮೆ ಹಾಕಿದ. ಹೆಣ್ಣು ಕುದುರೆ ಒಂದು ಗುಟುಕು ಕುಡಿದು, ಕತ್ತೆತ್ತಿ ಅವನನ್ನೇ ನೋಡಿತು. ಅವನಿಗೆ ತಡೆಯಲಾಗಲಿಲ್ಲ. "ಆಯ್ತು ತಾಯಿ, ನಾಳೆ ನೋಡೋಣ" ಎಂದು ಆ ಚೂರನ್ನೂ ಹಾಕಿದ. ಮರುದಿನವೂ ಅದು ಕತ್ತೆತ್ತಿತು. ಮರುದಿನವೂ ಅವನು ಹಾಕಿದ.

ಪಕ್ಕದ ಮನೆಯಲ್ಲಿ ಆಡು ಕಾಯುವ ಹೆಂಗಸೊಬ್ಬಳಿದ್ದಳು. "ಏನಪ್ಪಾ, ನಿನ್ನ ಕುದುರೆಗಳಿಗೆ ದಿನಾ ಹಬ್ಬವೇ? ನನ್ನ ಮೊಮ್ಮಕ್ಕಳೂ ಇಷ್ಟು ಬೆಲ್ಲ ಕಂಡಿಲ್ಲ" ಎಂದಳು.

"ಹೊಸ ಜಾಗ ಅಲ್ವೇನಕ್ಕ. ಪಾಪ, ಒಗ್ಗಲಿ."

"ಒಗ್ಗಲಿ ಅಂತೀಯ, ಒಗ್ಗದ ಹಾಗೆ ನೀನೇ ನೋಡ್ಕೋತೀಯ!" ಎಂದು ನಕ್ಕು ಆಡುಗಳ ಹಿಂದೆ ಹೋದಳು.

ಬೇಸಗೆ ಬಂತು. ದೂರದ ಊರಿಗೆ ಕಾಳು ಇಳಿಸಿ ಹಿಂದಿರುಗುವಾಗ ಮರಳುಗಾಳಿ ಎದ್ದು ದಾರಿ ಮುಚ್ಚಿಹೋಯಿತು. ನಡುದಾರಿಯಲ್ಲಿ ಒಂದು ಬಾವಿ, ಪಕ್ಕದಲ್ಲಿ ತಂಗಲು ಕಲ್ಲಿನ ಮಂಟಪ, ಎರಡನ್ನೂ ನೋಡಿಕೊಳ್ಳುವ ಒಬ್ಬ ಮುದುಕ. ಗಾಳಿ ನಿಲ್ಲುವ ತನಕ ಗಾಡಿಯವನು ಅಲ್ಲೇ ಉಳಿಯಬೇಕಾಯಿತು. ದಾರಿಗೆಂದು ತಂದ ಬೆಲ್ಲ ಮೊದಲ ದಿನವೇ ಮುಗಿಯಿತು.

ನೀರಿಗೆ ಕೊರತೆಯಿರಲಿಲ್ಲ. ಅವನು ತೊಟ್ಟಿ ತುಂಬ ಸೇದಿ ಹಾಕಿದ. ಕುದುರೆಗಳು ಮೂಸಿ ಹಿಂದೆ ಸರಿದವು. ಗಾಳಿ ಬೀಸುತ್ತಲೇ ಇತ್ತು. ಬಾಯಾರಿಕೆ ಮಿತಿಮೀರಿದಾಗ ಗಂಡು ಕುದುರೆ ಒಲ್ಲದ ಮನಸ್ಸಿನಿಂದ ಕುಡಿಯಿತು. ಹೆಣ್ಣು ಕುದುರೆ ತುಟಿ ತೋಯಿಸಿಕೊಂಡು, ಕತ್ತೆತ್ತಿ ಅವನನ್ನು ನೋಡಿತು. ಅವನು ಬೊಗಸೆಯಲ್ಲಿ ಹಿಡಿದ. ತಾನೇ ಕುಡಿದು ತೋರಿಸಿದ. ಬೈದ, ಬೇಡಿಕೊಂಡ. ಅದು ನೋಡುತ್ತಲೇ ನಿಂತಿತು.

"ತುಂಬಿದ ತೊಟ್ಟಿ ಮುಂದೆ ಬಾಯಾರಿ ನಿಂತ ಪ್ರಾಣೀನ ನಾನು ಕಂಡೇ ಇಲ್ಲ ಕಣಪ್ಪ. ಏನಕ್ಕೆ ಕಾಯ್ತಾ ಇದೆ ಅದು?" ಎಂದು ಮುದುಕ ಕೇಳಿದ.

ಗಾಡಿಯವನು ಬೆಲ್ಲದ ಖಾಲಿ ಚೀಲವನ್ನು ತೊಟ್ಟಿಯ ನೀರಿಗೆ ಕೊಡವಿದ.

ನೀರಿಲ್ಲದೆ ಹೆಣ್ಣು ಕುದುರೆಗೆ ಹೊಟ್ಟೆಶೂಲೆ ಹಿಡಿಯಿತು. ಮಲಗಿತು, ಎದ್ದಿತು, ಮತ್ತೆ ಮಲಗಿತು. ಗಾಳಿ ನಿಂತ ಬೆಳಿಗ್ಗೆ ಅದು ಏಳಲಿಲ್ಲ. ಜೋಡಿಯ ಗಾಡಿಯನ್ನು ಒಂದೇ ಕುದುರೆ ಎಳೆಯಲಾರದು. ಅವನು ಗಾಡಿಯನ್ನು ಮುದುಕನ ಬಳಿ ಬಿಟ್ಟು, ಉಳಿದ ಕುದುರೆಯ ಹಗ್ಗ ಹಿಡಿದು ಊರಿಗೆ ನಡೆದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಅವನೇನು ಕೆಟ್ಟವನಲ್ಲ. ಅದರ ಸಂಕಟ ನೋಡಲಾರದೆ ತಾನೇ ಬೆಲ್ಲ ಹಾಕುತ್ತಿದ್ದದ್ದು?"

"ಹೌದಪ್ಪ. ನೋಡಲಾರದವನು ಅವನು, ಪ್ರಾಣ ಬಿಟ್ಟದ್ದು ಕುದುರೆ."