ಮಧ್ಯಾಹ್ನದ ಅಳತೆ

ಶಿಷ್ಯ ಮರಿದೇವ ಕೇಳಿದ: “ಬುದ್ಧೀ, ಅಮ್ಮ ಹಾಸಿಗೆ ಹಿಡಿದ ಮೇಲೆ ನೋಡಿಕೊಂಡವಳು ಅಕ್ಕ ಒಬ್ಬಳೇ. ನಾನು ಮೊದಲು ಎಷ್ಟು ಬಂದು ಹೋಗುತ್ತಿದ್ದೆನೋ ಆಮೇಲೂ ಅಷ್ಟೇ ಬಂದೆ. ಏನನ್ನೂ ಕಡಿಮೆ ಮಾಡಲಿಲ್ಲ. ಅಕ್ಕ ಸವೆದು ಸವೆದು ಅಮ್ಮನಿಗಿಂತ ಮೊದಲೇ ಹೋಗಿಬಿಟ್ಟಳು. ನಾನು ಎಲ್ಲಿ ತಪ್ಪಿದೆ?”

ಮಠದಲ್ಲಿ ಕೂತವನಿಗೆ ಕರೆಂಟಿನ ಗೊಡವೆ ಏಕೆಂದು ನಗಬೇಡ ಎನ್ನುತ್ತ ಗುರುಗಳು ಈ ಕತೆ ಹೇಳಿದರು.

ಒಂದು ನೇಕಾರರ ಊರು. ಹೊಳೆಯ ನೀರಿನಿಂದ ತಿರುಗುವ ಒಂದೇ ಜನರೇಟರ್ ಊರಿಗೆಲ್ಲ ಕರೆಂಟು ಕೊಡುತ್ತಿತ್ತು. ಜನರೇಟರ್ ಬರೀ ತಿರುಗಿದರೆ ಸಾಲದು. ಅದರ ಒಡಲೊಳಗಿನ ಅಯಸ್ಕಾಂತಕ್ಕೂ ಒಂದಿಷ್ಟು ಕರೆಂಟು ಉಣಿಸಬೇಕು. ಉಣಿಸಿದಷ್ಟೂ ವೋಲ್ಟೇಜು ಏರುತ್ತದೆ. ಊರಿನ ಮಗ್ಗಗಳು ಹೆಚ್ಚು ಕರೆಂಟು ಎಳೆದರೆ ವೋಲ್ಟೇಜು ಕುಗ್ಗುತ್ತದೆ. ಆಗ ಇನ್ನಷ್ಟು ಉಣಿಸಬೇಕು. ಇದನ್ನು ಒಂದು ಯಂತ್ರ ತಾನೇ ನೋಡಿಕೊಳ್ಳುತ್ತಿತ್ತು. ಅದು ಕೆಟ್ಟರೆ ಇರಲಿ ಎಂದು ಪಕ್ಕದಲ್ಲಿ ಕೈಯಿಂದ ತಿರುಗಿಸುವ ಚಕ್ರವೊಂದಿತ್ತು. ಯಂತ್ರ ಕೈಬಿಟ್ಟ ಗಳಿಗೆಯಲ್ಲಿ ಚಕ್ರ ಯಾವ ಅಳತೆಗೆ ನಿಂತಿದೆಯೋ ಅಷ್ಟನ್ನು ಮಾತ್ರ ಉಣಿಸುತ್ತಿತ್ತು. ಆದ್ದರಿಂದ ಅಲ್ಲಿ ಒಂದು ಕಟ್ಟುಪಾಡು. ಊರಿನ ಬಳಕೆ ಬದಲಾದಾಗಲೆಲ್ಲ ಆಪರೇಟರ್ ಚಕ್ರವನ್ನು ತಿರುಗಿಸಿ ಯಂತ್ರದ ಅಳತೆಗೆ ಸರಿತೂಗಿಸಬೇಕು.

ಆಪರೇಟರ್ ಮೊದಮೊದಲು ಶ್ರದ್ಧೆಯಿಂದ ಮಾಡಿದ. ಯಂತ್ರ ಎಂದೂ ಕೆಡಲಿಲ್ಲ. ಕೆಡದ ಯಂತ್ರಕ್ಕೆ ಇಷ್ಟೆಲ್ಲ ಉಪಚಾರ ಏಕೆ ಎನ್ನಿಸಿತು. ಒಂದು ಮಧ್ಯಾಹ್ನ, ನೇಕಾರರು ಊಟಕ್ಕೆದ್ದು ಮಗ್ಗಗಳು ನಿಂತಿದ್ದಾಗ, ಸರಿತೂಗಿಸಿದ್ದೇ ಕೊನೆ. ಆಮೇಲೆ ಅದರ ಗೋಜಿಗೇ ಹೋಗಲಿಲ್ಲ. ಅವನು ಕೆಟ್ಟವನೇನಲ್ಲ, ಪಾಪ. ನಮ್ಮ ನಿಮ್ಮಂಥವನೇ.

ಮದುವೆಗಳ ಕಾಲ ಬಂತು. ಸೀರೆಗೆ ಬೇಡಿಕೆ ಹೆಚ್ಚಿ ಮಗ್ಗಗಳೆಲ್ಲ ಓಡುತ್ತಿದ್ದ ಒಂದು ಸಂಜೆ ಯಂತ್ರ ಕೆಟ್ಟಿತು. ಹೊರೆ ಚಕ್ರದ ಮೇಲೆ ಬಿತ್ತು. ಚಕ್ರ ಮೋಸ ಮಾಡಲಿಲ್ಲ. ಆ ಮಧ್ಯಾಹ್ನ ಎಷ್ಟು ಸಾಕಾಗಿತ್ತೋ ಅಷ್ಟನ್ನು ಚೂರೂ ಕಡಿಮೆಯಿಲ್ಲದೆ ಕೊಟ್ಟಿತು. ಊರಿನ ದೀಪಗಳು ಕೆಂಪಗಾದವು. ಮಗ್ಗದ ಮೋಟಾರುಗಳು ತಿರುಗಲಾರದೆ ಗುಂಯ್‌ಗುಟ್ಟಿ ಸುಟ್ಟುಹೋದವು. ಆಪರೇಟರ್ ಚಕ್ರದ ಕಡೆ ಓಡುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಗ್ಗವನ್ನೇ ನಂಬಿ ಮಕ್ಕಳನ್ನು ಸಾಕುತ್ತಿದ್ದ ಒಬ್ಬ ಹೆಂಗಸು ಪವರ್‌ಹೌಸಿನ ಬಾಗಿಲಿಗೆ ಬಂದಳು. ಅವಳಲ್ಲಿ ಸಿಟ್ಟಿಗೂ ಶಕ್ತಿ ಉಳಿದಿರಲಿಲ್ಲ.

“ಏನ್ ಮಾಡ್ಬಿಟ್ಟೆಯಪ್ಪಾ ನೀನು?” ಎಂದಳು.

“ನಾನೇನೂ ಮಾಡಿಲ್ಲ ತಾಯಿ. ಆ ಚಕ್ರ ಮುಟ್ಟೇ ಇಲ್ಲ.”

ಅವಳು ಹೊರಟುಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವನಿಗೆ ಆಪರೇಟರನ ಮೇಲೆ ಕನಿಕರ ಹುಟ್ಟಿತು. ಅವನು ಹೇಳಿದ್ದು ನಿಜವೇ ಅಲ್ಲವೇ, ಮುಟ್ಟದವನ ಮೇಲೆ ದೂರು ಹೊರಿಸುವುದು ಹೇಗೆ ಎಂದು ಕೇಳಿದ.

ಗುರುಗಳು ಹೇಳಿದರು: “ನಿಜವೇ, ಮರಿದೇವ. ಅವನು ಮುಟ್ಟಲಿಲ್ಲ ಎಂಬುದೇ ಅವಳ ದೂರೂ ಆಗಿತ್ತು.”